ಎಡಗಡೆಯ ಸೀಟು

ಹನ್ನೆರಡು ತಾಸಿಗೆ ಸಾವಿರದ ನಾನೂರು,
ಘಾಟಿಯಾದರೆ ಮೇಲೆ ಇನ್ನೂರು, ಊಟ ನಮ್ಮದು.
ಮುಲುಂಡಿನ ನಮ್ಮ ಗೇಟಿಗೆ ಆರಕ್ಕೇ ಬಂದ,
ಫೋನಿನಲ್ಲಿ ಬರೀ ಜಿ. ಬಿರಾಜದಾರ ಎಂದಿದ್ದವನು.
ಚಪ್ಪಲಿ ಕಳಚಿ, ಸ್ಟಿಯರಿಂಗು ಮುಟ್ಟಿ ಕಣ್ಣಿಗೊತ್ತಿಕೊಂಡು
ಸೀಟನ್ನು ಒಂದು ಗೇಣು ಹಿಂದೆ ತಳ್ಳಿದ,
ಹದಿನಾಲ್ಕು ವರ್ಷ ನನಗೆಂದೇ ಬಗ್ಗಿದ್ದ ಕನ್ನಡಿಯನ್ನು
ತನ್ನ ಎತ್ತರಕ್ಕೆ ಎತ್ತಿದ.

ನಾನು ಎಡಕ್ಕೆ ಕೂತೆ.
ಬೆಲ್ಟಿನ ಕೊಂಡಿ ಸಿಗಲಿಲ್ಲ. ಇಂದುಮತಿ ಹಿಂದಿನಿಂದ ಬಗ್ಗಿ ಸಿಕ್ಕಿಸಿದಳು,
ಶಾಲೆಗೆ ಹೊರಟ ಹುಡುಗನಿಗೆ ಗುಂಡಿ ಹಾಕಿದ ಹಾಗೆ.

ಕಣ್ಣಿನ ಡಾಕ್ಟರು ಕಾಗದದ ಮೇಲೆ ಉರುಟು ಬರೆದು ತೋರಿಸಿದ್ದರು:
ನಡುವೆ ಬೆಳಕು, ಸುತ್ತ ಕಪ್ಪು.
ಒಂದು ಬಳೆಯೊಳಗೆ ಹಿಡಿಸುವಷ್ಟು ಲೋಕ.
ಲೈಸೆನ್ಸನ್ನು ನಾನೇ ಕಪಾಟಿನಲ್ಲಿಟ್ಟೆ,
ರೇಷನ್ ಕಾರ್ಡಿನ ಕೆಳಗೆ.

ಎಕ್ಸ್‌ಪ್ರೆಸ್‌ವೇ ಬೇಡ, ಹಳೇ ರಸ್ತೆ, ಎಂದೆ ಮರಾಠಿಯಲ್ಲಿ.
ಠೀಕ್ ಆಹೇ ಕಾಕಾ.
ಪನವೇಲ್ ದಾಟುವುದರೊಳಗೆ ನಾವಿಬ್ಬರೂ ಕನ್ನಡದಲ್ಲಿ
ಅವನನ್ನು ಪೂರ್ತಿ ಬಿಚ್ಚಿ ಮಡಚಿಟ್ಟಿದ್ದೆವು:
ಕಾಲರು ಸವೆದಿದೆ, ಕೈ ಪರವಾಗಿಲ್ಲ,
ಕ್ಲಚ್ಚಿನ ಮೇಲಿಂದ ಪಾದ ತೆಗೆಯೋದೇ ಇಲ್ಲ ಮಾರಾಯ್ತಿ,
ಕೇಳಿದ್ದರೆ ಇನ್ನೂರು ಬಿಡ್ತಿದ್ದನೋ ಏನೋ.
ಆಮೇಲೆ ಇಂದುಮತಿ, ದನಿ ತಗ್ಗಿಸಿ:
ಕಾರು ಮಾರೋಣ ಅಂದದ್ದು
ನಿಮಗೆ ನೋವಾಗಲಿ ಅಂತಲ್ಲ.
ನಾನು ಉತ್ತರ ಕೊಡಲಿಲ್ಲ. ನನ್ನ ಬಲಗಾಲು
ಇಲ್ಲದ ಬ್ರೇಕನ್ನು ಒತ್ತುತ್ತಿತ್ತು.

ಖೊಪೋಲಿ ಮುಗಿದು ಏರು ಶುರುವಾಯಿತು.
ಇವನು ಮೂರರಲ್ಲೇ ಹತ್ತಿಸ್ತಾನೆ, ಎಂಜಿನ್ ಕೊಲ್ತಾನೆ, ಎಂದೆ ಅವಳಿಗೆ.
‘ಎರಡರಾಗೇ ಅದ ರೀ ಕಾಕಾ,’ ಎಂದ ಅವನು
ರಸ್ತೆಯಿಂದ ಕಣ್ಣು ಕೀಳದೆ.

ಮೂರು ತಿರುವು ಯಾರೂ ಮಾತಾಡಲಿಲ್ಲ.

ಅಕ್ಕಲಕೋಟದ ಕಡೆಯವ. ಹೆಸರು ಗುರುಸಿದ್ಧ.
ಮನೆಯಲ್ಲಿ ಇದೇ ಮಾತು; ಸಾಲಿ ಮರಾಠಿ; ಜಗಳ ಹಿಂದಿ.
ಮೊದಲೇ ಹೇಳಬಾರದಿತ್ತೇನಪ್ಪ?
‘ನೀವು ಮಾತಾಡಾಕ ಹತ್ತಿದ್ರಿ. ನಮ್ಮೂರ ಕಟ್ಟಿ ಮ್ಯಾಲ ಕುಂತಂಗ ಆಗಿತ್ತು.’

ಶಿಂಗ್ರೋಬನ ಗುಡಿ ಬಂದಾಗ ಗಾಜಿಳಿಸಿ ನಾಣ್ಯ ಎಸೆದ.
ಸಾಹೇಬರಿಗೆ ಬೆಟ್ಟ ಹತ್ತುವ ಹಾದಿ ತೋರಿಸಿದ ಕುರುಬನಂತೆ;
ತೋರಿಸಿದ ಮೇಲೆ ಕೊಂದರಂತೆ.
‘ಹಾದಿ ಬಲ್ಲಾಂವಗ ಪಗಾರ ಮೊದ್ಲೇ ಕೊಡಬೇಕ್ರಿ,’ ಎಂದು ನಕ್ಕ.
ಹಿಂದೆ ಪರ್ಸಿನ ಜಿಪ್ಪು ಸರಿದ ಸದ್ದಾಯಿತು.

ಮೂವತ್ತು ವರ್ಷ ಈ ಘಾಟಿ ಹತ್ತಿದ್ದೇನೆ,
ಮೊದಲು ಕಂಪನಿಯ ಜೀಪು, ಆಮೇಲೆ ಈ ಗಾಡಿ.
ಕಂಡದ್ದು ಮುಂದಿನ ಲಾರಿಯ ಬೆನ್ನು,
ಅದರ ಹೊಗೆ, ಹೊಗೆಯೊಳಗೆ ಯಾರದೋ ಕುಲದೇವರ ಹೆಸರು.
ಪಕ್ಕದಲ್ಲಿ ಕಣಿವೆಯಿದೆ ಎಂದು
ಹಿಂದೆ ಕೂತವರು ಹೇಳುತ್ತಿದ್ದರು.

ಲೋಣಾವಳದಲ್ಲಿ ಮಾರ್ಚ್. ಜನವಿಲ್ಲ, ಮಂಜಿಲ್ಲ,
ಜಲಪಾತ ಎಂದು ಬೋರ್ಡಿದ್ದಲ್ಲಿ ಬಂಡೆಯ ಮೇಲೊಂದು ಕರೀ ಕಲೆ.
ಅಂಗಡಿಯವ ರುಚಿಗೆಂದು ಮುರಿದುಕೊಟ್ಟ ಚಿಕ್ಕಿ
ಕಟ್ಟಿಸಿದ ಹಲ್ಲಿಗೆ ಅಂಟಿ, ಸಂಜೆಯವರೆಗೂ ಬಿಡಲಿಲ್ಲ.

ಮರಳುವಾಗ ಖಂಡಾಳದಲ್ಲಿ, ಕಣಿವೆಯಂಚಿನ ಕಂಬಿ ಹಿಡಿದು
ಬಳೆಯನ್ನು ಎಲ್ಲಿಡಲಿ ಎಂದು ಹುಡುಕುತ್ತಿದ್ದೆ.
ಎಲ್ಲಿಟ್ಟರೂ ಬಿಳಿ ಬಿಸಿಲು.
ಗುರುಸಿದ್ಧ ಬಂದು ನಿಂತ. ಕೈ ಚಾಚಿ ತೋರಿಸಲಿಲ್ಲ,
ಇಕ್ಕಟ್ಟಿನಲ್ಲಿ ಗಾಡಿ ನಿಲ್ಲಿಸುವವನಿಗೆ ಹೇಳುವ ಹಾಗೆ ಹೇಳಿದ:
‘ಬಲಕ್ಕ ತಗೋರಿ. ಇನ್ನಾ ಸ್ವಲ್ಪ. ಸಾಕು.
ಈಗ ಇಳಸ್ರಿ, ಸಾವಕಾಶ. ಬರ್ರಿ, ಬರ್ರಿ. ಹಾಂ.’

ಒಣ ಹುಲ್ಲಿನ ಇಳಿಜಾರು. ಒಂದು ಎಲೆಯೂ ಇಲ್ಲದ ಮುತ್ತುಗ,
ಮೈತುಂಬ ಕೆಂಪು. ಬುಡದಲ್ಲಿ ಒಂದು ಆಡು,
ಒಂದು ಕಿವಿ ಮಡಚಿದ್ದು.
ಅಲ್ಲೇ ನಿಲ್ಲಿಸಿದೆ. ಎಷ್ಟು ಹೊತ್ತೋ,
ಗಂಟೆ ಲೆಕ್ಕ ಓಡುತ್ತಿತ್ತು.

ಗೇಟಿನಲ್ಲಿ ಗಡಿಯಾರ ನೋಡಿ, ಹದಿಮೂರಕ್ಕೆ ಹತ್ತು ನಿಮಿಷ ಕಡಿಮೆ, ಎಂದ.
ಇಂದುಮತಿ ಮುನ್ನೂರು ಹೆಚ್ಚು ಕೊಟ್ಟಳು.
ನೂರು ಮರಳಿಸಿ, ಲೋಕಲ್ಲಿಗೆ ಓಡಿದ.

ಬೆಳಿಗ್ಗೆ ಹಾಲಿಗೆಂದು ಇಳಿದವನು
ಬಾಗಿಲು ತೆಗೆದು ಬಲಗಡೆಗೆ ಕೂತೆ.
ಪೆಡಲು ಕಾಲಿಗೆ ಎಟುಕಲಿಲ್ಲ.
ಕನ್ನಡಿಯಲ್ಲಿ ರಸ್ತೆಯಿರಲಿಲ್ಲ, ನಾನೂ ಇರಲಿಲ್ಲ,
ಬರೀ ಗಾಡಿಯ ಮಾಡು.
ತಿರುಗಿಸಲೆಂದು ಕೈ ಎತ್ತಿದೆ. ಬಿಟ್ಟೆ.

ವಾಚ್‌ಮನ್ ಗಾಜು ತಟ್ಟಿ, ಎಲ್ಲಿಗೆ ಸಾಬ್, ಎಂದ.
ಹಾಲಿಗೆ, ಎಂದೆ.