ಬಾಯಿಬಿಡದ ಜಿ, ಎಚ್

ಎಸ್.ಪಿ. ರೋಡಿನ ಬಲ್ಬಿನಂಗಡಿಗೆ ಬೋರ್ಡು.
ಅಕ್ಷರಕ್ಕೆ ನಲವತ್ತು ಅಂದ ಅಂತೋಣಪ್ಪ ಮಾಮ.
ಓನರು ಬೆರಳು ಮಡಿಚುತ್ತ ಓದಿದರು, ಬ್ರೈಟ್ ಲೈಟ್,
ಓದಿ ನಿಂತರು.
"ಎರಡು ಕಡೆ ಜಿ, ಎರಡು ಕಡೆ ಎಚ್,
ಬಾಯೇ ಬಿಡದವಕ್ಕೆ ಯಾಕ್ರೀ ದುಡ್ಡು?"
ನೂರ ಅರವತ್ತು ಮುರಿದುಕೊಂಡರು.

"ಪೇಂಟು ಮಾತ್ರ ಕುಡೀತಾವೆ, ಬಾಯಿ ಇರೋವಷ್ಟೇ"
ಗೊಣಗಿಕೊಂಡೇ ಏಣಿ ಹತ್ತಿದ.

ಕೆಳಗೆ ಹಿಡಿದವಳು ನಾನು, ಏಳನೇ ಕ್ಲಾಸು,
ಶನಿವಾರ ಮಧ್ಯಾಹ್ನ.
ಹಳದಿ ಹನಿಯ ಜೊತೆ ಮೇಲಿಂದ ಪ್ರಶ್ನೆಯೂ ಉದುರೋದು:
ಇವೆರಡು ಇನ್ನೆಲ್ಲೆಲ್ಲಿ ಕೂತವೆ ಮಗ?

ನೈಟ್, ರಾತ್ರಿ. ವೇಟ್, ತೂಕ.
ಹೈಟ್ ಅಂದರೆ ಎತ್ತರ, ಹುಷಾರು ಮಾಮ.
ರೈಟ್ ಅಂದರೆ ಬಲಗಡೆ, ಸರಿ, ಹಕ್ಕು ಕೂಡ.
"ಬಸ್ಸಿನ ಕಂಡಕ್ಟರು ಅನ್ನೋದು ಇದರಲ್ಲಿ ಯಾವುದು?"
ಗೊತ್ತಿರಲಿಲ್ಲ.
ಸೈಟ್ ಅಂದರೆ ನೋಟ.
"ಹೆಸರಘಟ್ಟದ ಕಡೆ ಮೂವತ್ತು ನಲವತ್ತು
ನೋಡಿ ಬಂದೆನಲ್ಲ, ಅದಾ?"
ಅದರಲ್ಲಿ ಜಿ, ಎಚ್ ಇಲ್ಲ ಮಾಮ.
"ಹಂಗಾದರೆ ಅಗ್ಗ ಆಗಬೇಕಿತ್ತಲ್ಲ!"

ಆಮೇಲೆ ಲಾಫ್, ನಗು.
ಕಾಫ್, ಕೆಮ್ಮು.
ಇಂಥಾ ಕಡೆ ಎರಡೂ ಸೇರಿ ಎಫ್ ಅಂತವೆ.
"ಅಂದರೆ ಬಾಯಿ ಐತೆ ನನ್ಮಕ್ಕಳಿಗೆ!"
ಅಂತ ಜೋರಾಗಿ ನಕ್ಕ.
ಏಣಿ ನನ್ನ ಕೈಯಲ್ಲಿ ಅದುರಿತು.
ನಗು ಮುಗಿದ ಮೇಲೂ ಅದುರುತ್ತಲೇ ಇತ್ತು,
ಇಪ್ಪತ್ತು ವರ್ಷದ ಟರ್ಪೆಂಟೈನು
ಅವನ ಎದೆಯೊಳಗೆ ಕೂತು ಓದುತ್ತಿತ್ತು
ಬಿಟ್ಟೂ ಬಿಡದೆ
ಎರಡನೇ ಪದವನ್ನು.