ಅಳಿವೆ

ಎಲ್ಲರೂ ಕೇಳುತ್ತಾರೆ, ಊಟ ಆಯಿತಾ, ಚಾ ಆಯಿತಾ.
ಮೂರನೆಯದನ್ನು ಕೇಳುವವರು ಇಬ್ಬರೇ:
ಕಂಕನಾಡಿಯ ಡಾಕ್ಟರ್ ಶರ್ಮಿಳಾ ಪಿರೇರಾ,
ಮತ್ತು ಬಚ್ಚಲ ಬಾಗಿಲಾಚೆ ನಿಂತ ಜಲಜಾಕ್ಷಿ.

ಇಪ್ಪತ್ತೆರಡು ವರ್ಷ ಡ್ರೆಜ್ಜರಿನ ಕೆಲಸ ನನ್ನದು.
ನೇತ್ರಾವತಿಯೂ ಗುರುಪುರ ಹೊಳೆಯೂ ಕೂಡಿ
ಕಡಲಿಗೆ ಬೀಳುವಲ್ಲಿ
ಮಳೆ ಮುಗಿದದ್ದೇ ಹೂಳು.
ದಕ್ಕೆಯ ಬೋಟಿನವರು ಬೈಯುವುದು ನನ್ನನ್ನು.
ಹೀರಿ, ಎತ್ತಿ, ಆಚೆ ಚೆಲ್ಲಿ
ಊರಿನ ಬಾಗಿಲು ತೆರೆದಿಟ್ಟವನ ಹೊಟ್ಟೆಯಲ್ಲಿ
ನಾಲ್ಕು ದಿನದ ಮರಳು ದಿಬ್ಬ.
ಹೇಳಿದರೆ ನಗುತ್ತಾರೆ.
ಹೇಳಲಿಲ್ಲ.

ಹರಳೆಣ್ಣೆ ಕುಡಿದೆ. ಇಸಬ್‌ಗೋಲು ಕಲಸಿದೆ,
ಪೋಸ್ಟರ್ ಅಂಟಿಸುವ ಗಂಜಿಯ ಹಾಗೆ;
ಗಟ್ಟಿಯಾಗುವ ಮೊದಲೇ ನುಂಗಬೇಕು.
ಕದಳಿ ಹಣ್ಣು, ಬಸಳೆ, ಬಿಸಿನೀರು.
ಬೋಳಾರದ ಮಾವ ಅಂದರು,
ಒಂದು ಬೀಡಿ ಎಳೆ, ತಾನಾಗಿ ಬರುತ್ತದೆ.
ಬಂದದ್ದು ಕೆಮ್ಮು.

ಡಾಕ್ಟರು ನಗಲಿಲ್ಲ.
ಚೀಟಿಯ ಹಿಂದೆ ಕರುಳಿನ ಚಿತ್ರ ಬರೆದರು,
ನಮ್ಮ ಹೊಳೆಯ ನಕ್ಷೆಯಷ್ಟೇ ಡೊಂಕು.
"ಇಷ್ಟು ವರ್ಷ ಹೂಳನ್ನು ದೂಡಿದಿರಿ.
ಈ ಹೊಸ ಗುಳಿಗೆ ದೂಡುವುದಿಲ್ಲ,
ಕರುಳಿನ ಗೋಡೆಗೆ ಹೇಳುತ್ತದೆ,
ಸ್ವಲ್ಪ ನೀರು ಬಿಡು ಅಂತ."
ಒಸರು, ಅಂದೆ.
ಪೆನ್ನು ನಿಲ್ಲಿಸಿ ನನ್ನನ್ನೇ ನೋಡಿದರು.
"ಹೌದು. ಒಸರು.
ಇದು ಹಿಡಿಯದಿದ್ದರೆ ಇನ್ನೊಂದು ಬಂದಿದೆ,
ಮಲಗಿದ ನರಗಳನ್ನು ತಟ್ಟಿ ಎಬ್ಬಿಸುವಂಥದು.
ಎಲ್ಲರಿಗೂ ಆಗುತ್ತದೆ ಅಂತಲ್ಲ."

ಮೆಡಿಕಲ್ಲಿನ ಹುಡುಗಿ ಹೆಸರನ್ನು ಜೋರಾಗಿ ಓದಿದಳು.
ನನ್ನ ಹಿಂದೆ ಬೆಂಗ್ರೆಯ ಮೂವರು.
ಪುಣ್ಯ, ಹೊಸ ಮದ್ದಿನ ಹೆಸರು
ಇನ್ನೂ ಯಾರಿಗೂ ಅರ್ಥವಾಗುವುದಿಲ್ಲ.
ಒಂದು ಗುಳಿಗೆಯ ಬೆಲೆಗೆ
ಐದು ಬಂಗುಡೆ ಬರುತ್ತಿತ್ತು.

ಮೊದಲ ದಿನ ಏನೂ ಇಲ್ಲ.
ಎರಡನೆಯ ದಿನ ಅಳಿವೆಯ ನಟ್ಟನಡುವೆ
ಪಂಪು ಓಡುತ್ತಿರುವಾಗ
ಎರಡೂ ಹೊಳೆ ಒಟ್ಟಿಗೇ ಬಂದವು.
ದಡ ದೂರ.
ಆ ಕಥೆ ಬೇಡ.
ದೋಣಿ ತಂದ ಮಯ್ಯದ್ದಿಗೆ ಮಾತ್ರ ಗೊತ್ತು,
ಅವನು ಆಣೆ ಹಾಕಿದ್ದಾನೆ.

ಡೋಸು ಇಳಿಸಿದರು.
ಈಗ ವಾರಕ್ಕೆ ನಾಲ್ಕು ದಿನ, ಕೆಲವು ವಾರ ಮೂರು.
ಮೂರಕ್ಕೂ ನಾನು ತಕರಾರು ಮಾಡುವವನಲ್ಲ,
ತಳ ಕಾಣದೆ ಎಷ್ಟೋ ಬೋಟು ದಾಟಿಸಿದವನು.

ಇವತ್ತು ಬೆಳಗ್ಗೆ ಹೊರಗೆ ಬಂದರೆ
ಬಾಗಿಲಾಚೆ ಯಾರೂ ಇಲ್ಲ.
ಜಲಜಾಕ್ಷಿ ಕೇಳುವುದನ್ನೇ ಬಿಟ್ಟಿದ್ದಾಳೆ,
ಅಡುಗೆಮನೆಯಲ್ಲಿ ಬೂತಾಯಿ ತೊಳೆಯುತ್ತಿದ್ದಾಳೆ.
ಹೋಗಿ ಎದುರು ನಿಂತೆ, ಕೇಳಲಿ ಅಂತ.
ತಲೆ ಎತ್ತದೆ, ಏನು, ಅಂದಳು.

ಏನಿಲ್ಲ.
ಚಾ ಆಯಿತಾ, ಅಂದೆ.