ಗುಂಡಿ

ಹಳೆಯ ಜೋಡಿ ಸೈಕಲ್ಲನ್ನು ಮಾರಲಿಲ್ಲ.
ಕೇಳಿದವರಿದ್ದರು. ನಾಡನಹಳ್ಳಿಯ ಹುಡುಗನೊಬ್ಬ
ಮದುವೆ ಗೊತ್ತಾಗಿದೆ ಆಂಟಿ, ಕೊಡಿ ಅಂದ.
ಮದುವೆಯಾಗಿ ಹತ್ತು ವರ್ಷ ಆಗಲಿ, ಬಾ ಅಂದೆ.
ಇದರ ಹಿಂದಿನ ಹ್ಯಾಂಡಲಿಗೆ ಬ್ರೇಕ್ ಇಲ್ಲ,
ಹೊಸದರಲ್ಲಿ ಅದು ಆಗಿಬರೋದಿಲ್ಲ.

ಮುನಾವರನ ಅಪ್ಪ ಎರಡು ಗುಜರಿ ಸೈಕಲ್ ಕಡಿದು
ಬೆಸೆದು ಕೊಟ್ಟಿದ್ದ. ಅಂದಿನಿಂದ
ಇಪ್ಪತ್ತಾರು ವರ್ಷ ನನ್ನದು ಹಿಂದಿನ ಸೀಟು.
ನನ್ನ ಮುಂದೆ ರಸ್ತೆ ಇರಲಿಲ್ಲ, ಬೆನ್ನಿತ್ತು.
ಲಿಂಗದೇವರು ಎಂಬ ಡ್ರಿಲ್ ಮೇಷ್ಟರ ಬೆನ್ನು,
ಬೆವರಿನಲ್ಲಿ ಭೂಪಟ ಮೂಡುವ ಬಿಳಿ ಅಂಗಿ.
ಹುಣಸೆಮರ ಬಂದದ್ದು ತೊಡೆಯ ಮೇಲೆ ನೆರಳು ಸರಿದು ಗೊತ್ತು,
ವರುಣಾ ಕೆರೆ ಬಂದದ್ದು ಕಿವಿಗೆ ತಂಪು ತಾಗಿ.
"ಗುಂಡಿ!" ಎಂದು ಅವರು ಕೂಗುವಷ್ಟರಲ್ಲಿ
ಗುಂಡಿ ನನ್ನ ಬೆನ್ನುಮೂಳೆ ಹತ್ತಿರುತ್ತಿತ್ತು.

ಕೆ.ಆರ್. ಆಸ್ಪತ್ರೆಯಲ್ಲಿ ಮೂವತ್ತೊಂದು ವರ್ಷ
ಕಂಡವರ ಮಣಿಕಟ್ಟು ಹಿಡಿದು ಎಣಿಸಿದವಳು ನಾನು.
ಭಾನುವಾರ ಮಾತ್ರ ಪಾದದಿಂದ ನಾಡಿ ನೋಡುತ್ತಿದ್ದೆ.
ಅವರು ತುಳಿದದ್ದು ನನ್ನ ಪೆಡಲಿಗೆ ಬರಬೇಕು,
ನಾನು ಕದ್ದದ್ದು ಅವರ ಮಂಡಿಗೆ.
ಮನೆಯಲ್ಲಿ ಮುಚ್ಚಿಟ್ಟದ್ದು ಚಿಕ್ಕಹಳ್ಳಿ ದಿಣ್ಣೆಯಲ್ಲಿ ಬಯಲು.
ಅವರಪ್ಪ ತೀರಿಕೊಂಡ ತಿಂಗಳು
ಅವರು ಅಳಲಿಲ್ಲ. ಕಾಲು ಸುಮ್ಮನೆ ತಿರುಗುತ್ತಿತ್ತು, ಭಾರವೇ ಇಲ್ಲದೆ.
ಆ ಏರನ್ನು ನಾನೊಬ್ಬಳೇ ತುಳಿದೆ.
"ಇವತ್ತು ಹಿಂದಿನಿಂದ ಗಾಳಿ" ಅಂದರು, ಟೀ ಅಂಗಡಿಯಲ್ಲಿ.
ಹೂಂ, ಅಂದೆ.

ಈಗ ಅವರೆದೆಯಲ್ಲಿ ಎರಡು ಸ್ಟೆಂಟು.
ನನ್ನ ಬಲಮಂಡಿಯಲ್ಲಿ ಒಣಕಡ್ಡಿ ಮುರಿಯುವ ಸದ್ದು.
ಕಳೆದ ಚಳಿಗಾಲ ದಿಣ್ಣೆಯ ಅರ್ಧಕ್ಕೇ ಇಳಿದು ತಳ್ಳಿದೆವು;
ಸೌತೆಕಾಯಿ ಗಾಡಿಯವನು ನಮ್ಮನ್ನು ದಾಟಿ
ತಿರುಗಿ ನೋಡದೆ ಹೋದ. ದೊಡ್ಡ ಮನಸ್ಸು ಅವನದು.

ಹೊಸದು ಬಂತು. ಚೌಕಟ್ಟಿನ ನಡುವೆ ಇಟ್ಟಿಗೆಯಂಥ ಬ್ಯಾಟರಿ.
"ತುಳಿದರೆ ಕೈ ಕೊಟ್ಟು ಎತ್ತುತ್ತೆ ಸಿಸ್ಟರ್,
ಸುಮ್ಮನೆ ಕೂತವರನ್ನು ಒಯ್ಯೋದಿಲ್ಲ," ಅಂದ ಮುನಾವರ್.
ಒಳ್ಳೆಯ ಗುಣ, ಅಂದರು ಮೇಷ್ಟ್ರು,
ನಲವತ್ತು ಬ್ಯಾಚಿನ ಹುಡುಗರನ್ನು ನೆನೆದವರಂತೆ.

ಮೊದಲ ಭಾನುವಾರ ದಿಣ್ಣೆ ದಿಣ್ಣೆಯಾಗಿರಲಿಲ್ಲ.
ಅವರು ಸಿಳ್ಳೆ ಹಾಕಿದರು. ನನಗೆ ಗಾಬರಿ.
ಪಾದಕ್ಕೆ ಅವರು ಸಿಗುತ್ತಿಲ್ಲ.
ಸುತ್ತು ಗೊತ್ತಾಗುತ್ತೆ, ಭಾರ ಗೊತ್ತಾಗೋದಿಲ್ಲ;
ನಡುವೆ ಮೂರನೆಯದೊಂದು ನೊಣದ ದನಿಯಲ್ಲಿ
ಇಬ್ಬರ ಪರವಾಗಿಯೂ ಸುಳ್ಳು ಹೇಳುತ್ತಿದೆ.
ಸುಸ್ತಾ? ಕೇಳಿದೆ. ಇಲ್ಲ, ಅಂತು ಬೆನ್ನು.
ಬೆನ್ನು ಯಾವತ್ತು ತಾನೆ ಹೂಂ ಅಂದಿದೆ?

ಮಾರನೆಯ ದಿನ ಮಂಡಿಮೊಹಲ್ಲಾಕ್ಕೆ ಒಬ್ಬಳೇ ಹೋಗಿ
ಮೋಟಾರಿನ ಗುಂಡಿಯನ್ನು ಹಿಂದಿನ ಹ್ಯಾಂಡಲಿಗೆ ಹಾಕಿಕೊಡು ಅಂದೆ.
ವೈರು ಸಾಲೋದಿಲ್ಲ ಸಿಸ್ಟರ್.
ಸಾಲಿಸು.
ಮೇಷ್ಟ್ರು ಮೂರು ದಿನ ಮಾತು ಬಿಟ್ಟರು.
ನಾಲ್ಕನೆಯ ದಿನ ಎರಡೂ ಟೈರಿಗೆ ಗಾಳಿ ಹೊಡೆದರು.

ಈಗ ವರುಣಾ ಇನ್ನೊಂದು ಮೈಲಿ ಇರುವಾಗ
ಅಂಗೈಯಷ್ಟು ಚಪ್ಪಟೆ ರಸ್ತೆಯಲ್ಲಿ
ಹೇಳದೆ ಕೇಳದೆ ಒತ್ತಿಬಿಡುತ್ತೇನೆ.
ನೊಣ ಸುಮ್ಮನಾಗುತ್ತದೆ. ಒಂದು ಸುತ್ತು ಕಬ್ಬಿಣದ ಭಾರ.
ಆಮೇಲೆ ಸರಪಳಿ ಬಿಗಿದು, ಆ ತುದಿಯಿಂದ
ಎಡ. ಬಲ. ಎಡ. ಬಲ ಯಾಕೋ ಹಗುರ.
ಎಣಿಸುತ್ತೇನೆ, ಗಡಿಯಾರವಿಲ್ಲದೆ.
ಇಪ್ಪತ್ತಾದ ಮೇಲೆ ಮತ್ತೆ ಒತ್ತುತ್ತೇನೆ,
ಏನೂ ನಡೆದೇ ಇಲ್ಲದ ಹಾಗೆ.

ಅವರಿಗೆ ತಿಳಿದಿಲ್ಲ ಅಂದುಕೊಂಡಿದ್ದೆ.
ಮೊನ್ನೆ ನನ್ನ ಹೆಬ್ಬೆರಳು ಇನ್ನೂ ಸರಿಯುತ್ತಿತ್ತು,
ಬೆನ್ನು ಅಟೆನ್ಷನ್‌ನಲ್ಲಿ ನೆಟ್ಟಗಾಯಿತು.
"ಗುಂಡಿ!" ಎಂದು ಕೂಗಿದರು.

ರಸ್ತೆಯಲ್ಲಿ ಒಂದೂ ಇರಲಿಲ್ಲ.